ಬಾಗಿಲೊಳಗಿನ ಸಾಣಿಗೆ

ಇಲ್ಲದಿರುವುದನ್ನೂ ಎಣಿಸಲು ಕಲಿತದ್ದು ಮನುಷ್ಯ ಬುದ್ಧಿಯ ಅತ್ಯುನ್ನತ ಸಾಧನೆ. ಸೊನ್ನೆಯನ್ನು ಕಂಡುಕೊಂಡ ದೇಶದವರು ನಾವು, ಆ ಹೆಮ್ಮೆ ನಮಗೆ ಇರಲೇಬೇಕು. ನಮ್ಮ ಕಚೇರಿಯಲ್ಲಿ ಅದು ಅಗತ್ಯಕ್ಕಿಂತ ಹೆಚ್ಚಾಗಿಯೇ ಇತ್ತು: ಬೆಳಿಗ್ಗೆ ಹತ್ತೂವರೆಗೂ ಅರ್ಧ ಕುರ್ಚಿಗಳಲ್ಲಿ ನಾವು ಸೊನ್ನೆಯನ್ನೇ ಕೂರಿಸಿರುತ್ತಿದ್ದೆವು.

ಈಚೆಗೆ ಕೆಲವು ಎಂಜಿನಿಯರಿಂಗ್ ಓದುವ ಹುಡುಗರು ನನ್ನನ್ನು ನೋಡಲು ಬಂದಿದ್ದರು. ಮಾತಿನ ನಡುವೆ ಒಬ್ಬ, ಈಗಿನ ಪ್ರೋಗ್ರಾಮ್ ಭಾಷೆಗಳಲ್ಲಿ ‘ಎಂದೂ ಖಾಲಿಯಾಗದ ಪಟ್ಟಿ’ ಎಂಬ ಒಂದು ಜಾತಿಯೇ ಇದೆ, ಅದರಲ್ಲಿ ಒಂದಾದರೂ ಇದ್ದೇ ಇರುತ್ತದೆ, ಇಲ್ಲದಿದ್ದರೆ ಯಂತ್ರವೇ ಒಪ್ಪುವುದಿಲ್ಲ ಎಂದ. ಇನ್ನೊಬ್ಬ, ಅದು ಬರೀ ಶಿಸ್ತಿನ ಹುಚ್ಚು, ಖಾಲಿ ಇದ್ದರೆ ಒಂದು ಸೊನ್ನೆ ಇಟ್ಟರಾಯಿತು ಎಂದ. ಎರಡನೆಯವನಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು ಎಂಬುದನ್ನು ಬರೆಯುವುದಿಲ್ಲ. ಸಿಕ್ಕಾಗ ನನಗೂ ಆಶ್ಚರ್ಯವಾಗಿತ್ತು, ಕೊಟ್ಟವರಿಗೂ ಆಗಿತ್ತು.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ, ಬೆಳಗಾವಿಯ ಒಂದು ಕಚೇರಿಯಲ್ಲಿ. ಹೆಸರು ಬೇಡ. ಖಾನಾಪುರ ತಾಲೂಕಿನ ಕಾಡಿನಲ್ಲಿ ಎಷ್ಟು ಮಳೆ ಬಿತ್ತೆಂದು ಅಳೆದು, ಮಲಪ್ರಭೆಗೆ ಎಷ್ಟು ನೀರು ಬಂದೀತೆಂದು ಮುಂಚೆ ಹೇಳುವುದು ನಮ್ಮ ಉದ್ಯೋಗ. ಕಣಕುಂಬಿ, ಜಾಂಬೋಟಿ, ಗುಂಜಿ, ಇನ್ನೂ ಒಂದೆರಡು ಕಡೆ ಮಳೆಮಾಪಕಗಳಿದ್ದವು. ಗುಂಜಿಯ ಮಳೆ ಮಲಪ್ರಭೆಗೆ ಬರುತ್ತದೋ ಬೇರೆ ಕಡೆ ಹರಿದುಹೋಗುತ್ತದೋ ಎಂದು ನಮ್ಮ ಇಬ್ಬರು ಎಂಜಿನಿಯರುಗಳು ವರ್ಷಗಟ್ಟಲೆ ವಾದಿಸಿದರು. ಇಬ್ಬರೂ ನಿವೃತ್ತರಾದರು. ಮಳೆ ತನಗೆ ತೋಚಿದ ಕಡೆ ಹರಿಯಿತು.

ಆ ಅಂಕಿಗಳಿಂದ ಆಗುತ್ತಿದ್ದ ಘನಕಾರ್ಯ ಒಂದೇ. ಖಾನಾಪುರದ ಹತ್ತಿರ ಹೊಳೆಗೆ ಒಂದು ತಗ್ಗಿನ ಸೇತುವೆ ಇತ್ತು. ಅದಕ್ಕೆ ಅಂಚಿನಲ್ಲಿ ಕಟಾಂಜನದ ಕಂಬಿ ಇರಲಿಲ್ಲ; ಹೊಳೆ ಏರಿದರೆ ಅದು ಮುಳುಗುತ್ತಿತ್ತು. ಸೇತುವೆಯ ಬಾಯಿಗೆ ಒಂದು ಬಿದಿರಿನ ಗೇಟು, ಗೇಟಿಗೆ ಒಬ್ಬ ಮನುಷ್ಯ, ಆ ಮನುಷ್ಯನಿಗೆ ಒಂದು ಟೆಲಿಫೋನು. ದಿನಾ ಬೆಳಿಗ್ಗೆ ಮೇಲಿನ ಊರುಗಳಿಂದ ಮಳೆಯ ವರದಿ ನಮಗೆ ಬರಬೇಕು. ಅವುಗಳಲ್ಲಿ ಅತಿ ಹೆಚ್ಚಿನದು ಯಾವುದೆಂದು ನೋಡಿ ನಾವು ಖಾನಾಪುರಕ್ಕೆ ಫೋನು ಮಾಡಬೇಕು. ಅಂಕಿ ದೊಡ್ಡದಿದ್ದರೆ ಗೇಟು ಹಾಕಬೇಕು, ಸಣ್ಣದಿದ್ದರೆ ತೆಗೆಯಬೇಕು. ಮೇಲೆ ಬಿದ್ದ ಮಳೆ ಖಾನಾಪುರಕ್ಕೆ ಇಳಿದುಬರಲು ಕೆಲವು ತಾಸು ಹಿಡಿಯುತ್ತದೆ. ನಮ್ಮ ಸಂಬಳವೆಲ್ಲ ಆ ಕೆಲವು ತಾಸುಗಳದ್ದು.

ಮೊದಲು ಈ ಕೆಲಸ ಮಾಡುತ್ತಿದ್ದವರು ಹೆಡ್ ಕ್ಲಾರ್ಕ್ ಕುಲಕರ್ಣಿ ಮಾಮಾ. ವರದಿ ಬಂದರೆ ಅಂಕಿ ಬರೆಯುತ್ತಿದ್ದರು. ಮಳೆ ಇಲ್ಲವೆಂದು ವರದಿ ಬಂದರೆ ಸೊನ್ನೆ. ವರದಿಯೇ ಬರದಿದ್ದರೆ ಒಂದು ಅಡ್ಡಗೆರೆ. ಎಲ್ಲ ಊರುಗಳ ಮುಂದೆಯೂ ಅಡ್ಡಗೆರೆ ಬಿದ್ದ ದಿನ ಗೇಟು ಹಾಕಿಸಿಬಿಡುತ್ತಿದ್ದರು. ಹೊಸಬನಾದ ನಾನು ಒಮ್ಮೆ ಕೇಳಿದೆ.

“ಮಾಮಾ, ಮಳಿ ಇಲ್ದ ಗೇಟ ಯಾಕ ಹಾಕಸ್ತೀರಿ?”

“ಮಳಿ ಇಲ್ಲಂತ ಯಾರ ಹೇಳ್ಯಾರೋ ತಮ್ಮಾ? ನಾ ಹೇಳಿಲ್ಲ. ನೀ ಅಂತೂ ಹೇಳೂ ಪೈಕಿ ಅಲ್ಲ.” ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಮುಂದುವರಿಸಿದರು: “ಗೇಟ ಹಾಕಿದ್ರ ಬೈಗಳ ಬರ್ತಾವ. ತಗದ್ರ ಹೆಣ ಬರ್ತಾವ. ಬೈಗಳಕ್ಕ ಫೈಲ್ ತಯಾರ ಮಾಡೂದು ಬ್ಯಾಡ, ಹೆಣಕ್ಕ ಮಾಡಬೇಕಾಗ್ತದ. ನನಗ ಬರಿಯೂದಂದ್ರ ಬ್ಯಾಸರಾ.”

ಇಷ್ಟೇ ಅವರ ಸಿದ್ಧಾಂತ. ಮಾಮಾ ದೊಡ್ಡ ತತ್ವಜ್ಞಾನಿ ಆಗಿರಲಿಲ್ಲ, ಸೋಮಾರಿ ಆಗಿದ್ದರು. ಅವರ ಸೋಮಾರಿತನ ಇದ್ದಷ್ಟು ಕಾಲ ಆ ಸೇತುವೆಯಲ್ಲಿ ಯಾರೂ ಸಾಯಲಿಲ್ಲ. ಅವರು ನಿವೃತ್ತರಾದ ಮೇಲೆ ಅಡ್ಡಗೆರೆಯನ್ನು ಯಾರೂ ದೊಡ್ಡ ವಿಷಯವೆಂದು ತಿಳಿಯಲಿಲ್ಲ.

ಎಂಬತ್ತರ ದಶಕದ ನಡುವೆ ನಮ್ಮ ಕಚೇರಿಗೆ ಕಂಪ್ಯೂಟರ್ ಬಂತು. ಅದಕ್ಕೊಂದು ಬೇರೆ ಕೋಣೆ, ತಂಪು ಗಾಳಿಯ ಪೆಟ್ಟಿಗೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂಬ ಫಲಕ. ತೆಂಗಿನಕಾಯಿ ಒಡೆದೆವು. ನೀರು ಯಂತ್ರಕ್ಕೆ ಸಿಡಿಯಬಾರದೆಂದು ಹೊರಗಿನ ಪ್ಯಾಸೇಜಿನಲ್ಲಿ ಒಡೆದದ್ದರಿಂದ ಅರ್ಧ ಕಾಯಿ ಜವಾನನ ಪಾಲಾಯಿತು. ಯಂತ್ರದ ಜೊತೆ ನಮಗೆ ಹೊಸ ಮೇಲಧಿಕಾರಿಯೂ ಬಂದರು: ಹಿರೇಮಠ ಸಾಹೇಬರು, ವಿಜಾಪುರ ಕಡೆಯವರು. ಬೆಳಗಾವಿಯ ಸದಾಶಿವನಗರದಲ್ಲಿ ಮನೆ ಮಾಡಿದ್ದರು. ಒಳ್ಳೆಯ ಮನುಷ್ಯ, ಶುದ್ಧ ಹಸ್ತ. ಎಲ್ಲಿಯೋ ತರಬೇತಿಗೆ ಹೋಗಿ ಬರುವಾಗ ಲಿಸ್ಪ್ ಎಂಬ ಭಾಷೆಯನ್ನು ಒಂದು ತೆಳು ಡಿಸ್ಕಿನಲ್ಲಿ ತಂದಿದ್ದರು. ಅದನ್ನು ಬೀರುವಿನಲ್ಲಿ ವಿಭೂತಿ ಗಟ್ಟಿಯ ಬಾಜು ಇಡುತ್ತಿದ್ದರು.

ಆ ಭಾಷೆಯಲ್ಲಿ ಎಲ್ಲವೂ ಪಟ್ಟಿ. ಪಟ್ಟಿಗೆ ಎರಡೇ ಭಾಗ: ಮೊದಲನೆಯದು ಮತ್ತು ಉಳಿದದ್ದು. ಉಳಿದದ್ದೂ ಒಂದು ಪಟ್ಟಿ. ಅದರಿಂದ ಮೊದಲನೆಯದನ್ನು ತೆಗೆದರೆ ಮತ್ತೆ ಉಳಿದದ್ದು. ಹೀಗೆ ತೆಗೆಯುತ್ತ ಹೋದರೆ ಕೊನೆಗೆ ಖಾಲಿ ಪಟ್ಟಿ. ಇದ್ದ ಪಟ್ಟಿಯನ್ನು ಅಳಿಸಿ ತಿದ್ದುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಹಳೆಯದನ್ನು ಹಾಗೇ ಬಿಟ್ಟು ಹೊಸದನ್ನು ಮಾಡಿಕೊಳ್ಳಬೇಕು. ಒಂದು ಪಟ್ಟಿಯನ್ನು ಎರಡೆರಡರಂತೆ ಹೋಲಿಸುತ್ತ, ಧೋತರ ಮಡಚಿದಂತೆ ಮಡಚುತ್ತ ಹೋಗಿ ಕೊನೆಗೆ ಒಂದೇ ಉತ್ತರಕ್ಕೆ ಇಳಿಸುವುದಕ್ಕೆ ಸಾಹೇಬರು ‘ಮಡಿಕೆ’ ಎನ್ನುತ್ತಿದ್ದರು. ನಮ್ಮ ಇಡೀ ಉದ್ಯೋಗವೇ ಒಂದು ಮಡಿಕೆ ಎಂದು ಅವರು ಮೊದಲ ದಿನವೇ ಕಂಡುಹಿಡಿದರು: ಮಳೆಯ ಪಟ್ಟಿ ಕೊಡು, ಅತಿ ಹೆಚ್ಚಿನದು ತೆಗೆ.

“ಒಂದ ಸಾಲಿನ ಕೆಲಸ ರೀ ಮಗದುಮ್,” ಎಂದು ನನಗೆ ಹೇಳಿದರು. “ಇಷ್ಟು ವರ್ಷ ಏನ ಮಾಡ್ತಿದ್ರಿ ನೀವೆಲ್ಲಾ?”

“ಗೇಟ ಹಾಕಸ್ತಿದ್ವಿ ಸರ,” ಎಂದೆ.

ಈ ಭಾಷೆಯನ್ನು ಸಾಹೇಬರಿಗಿಂತ ಚೆನ್ನಾಗಿ ಕಲಿತವರು ಸುಮತಿ ದೇಸಾಯಿ. ಬೆಳಗಾವಿಯದೇ ಶಹಾಪುರದವರು, ಧಾರವಾಡದಲ್ಲಿ ಗಣಿತ ಓದಿ ನಮ್ಮಲ್ಲಿ ಕೆಲಸಕ್ಕೆ ಸೇರಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ಕಚೇರಿಯೆಲ್ಲ ಅವರನ್ನು ಅಕ್ಕಾರು ಎನ್ನುತ್ತಿತ್ತು. ಮೊದಲ ಮಳೆಗಾಲದಲ್ಲೇ ಒಂದು ದಿನ ಯಂತ್ರ ನಿಂತುಬಿಟ್ಟಿತು. ಸಾಹೇಬರು ಎಲೆಕ್ಟ್ರಿಷಿಯನ್ ಕರೆಸಿದರು. ಅವನು ಫ್ಯೂಸು ನೋಡಿ, ಗಾಳಿಯ ಪೆಟ್ಟಿಗೆ ಬಿಚ್ಚಿ, ಮತ್ತೆ ಜೋಡಿಸಿ, ಒಂದು ಸ್ಕ್ರೂ ಉಳಿಸಿ ಹೋದ. ಸುಮತಿ ಅಕ್ಕಾರು ಸಂಜೆ ಕಾರಣ ಹೇಳಿದರು. ಆವತ್ತು ಒಂದೂ ವರದಿ ಬಂದಿರಲಿಲ್ಲ. ಪಟ್ಟಿ ಖಾಲಿ. ಅತಿ ಹೆಚ್ಚಿನದರ ಜೊತೆ ದಾಖಲೆಗೆಂದು ಸರಾಸರಿಯನ್ನೂ ತೆಗೆಯಲು ಹೋದ ಯಂತ್ರ ಸೊನ್ನೆಯಿಂದ ಭಾಗಿಸಲು ಹೋಗಿ ಕೈಚೆಲ್ಲಿತ್ತು.

“ನಿಂತಿದ್ದು ಚಲೋನ ಆತ್ರಿ ಸರ,” ಎಂದರು ಅವರು. “ನಿಲ್ಲದ ಹೋಗಿದ್ರ ಇನ್ನೂ ಕೆಟ್ಟ. ಖಾಲಿ ಪಟ್ಟಿಗೆ ‘ನಿನ್ನ ಮೊದಲನೇದು ಕೊಡು’ ಅಂದ್ರ ನಮ್ಮ ಲಿಸ್ಪ್ ಸಿಟ್ಟ ಮಾಡೂದಿಲ್ರಿ. ಇನ್ನೊಂದು ಖಾಲಿ ಕೈಯಾಗ ಕೊಟ್ಟ ಕಳಸ್ತೈತಿ. ಅದನ್ನ ಹಿಡಕೊಂಡು ನಾವು ಎಲ್ಲಿಗೋ ಹೋಗಿ ಎಡವತೀವಿ.”

“ಹಂಗಾದ್ರ ಪ್ರತಿ ಸಲ ಖಾಲಿ ಐತೇನಂತ ಕೇಳ್ಕೋತ ಕುಂದ್ರೂದನ?”

“ಪ್ರತಿ ಸಲ ಬ್ಯಾಡ್ರಿ. ಒಂದ ಸಲ. ಬಾಗಲದಾಗ.”

ಅವರು ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ, ಏಕೆಂದರೆ ಇಷ್ಟು ವರ್ಷಗಳಲ್ಲಿ ಅದು ನನ್ನ ಮಾತೇ ಆಗಿಬಿಟ್ಟಿದೆ. ಸಂತೆಗೆ ಹೋದವನು ಕೈಯಲ್ಲಿ ಒಂದು ಬದನೆಕಾಯಿ ಹಿಡಿದಿದ್ದಾನೆ, ಉಳಿದದ್ದು ಚೀಲದಲ್ಲಿದೆ. ಚೀಲ ಖಾಲಿ ಇದ್ದರೂ ಇರಬಹುದು. ಆದರೆ ಕೈಯಲ್ಲಿ ಒಂದಿದೆಯಲ್ಲ, ಅದು ಕಣ್ಣಿಗೆ ಕಾಣುತ್ತದೆ. ಅವನ ಮನೆಯಲ್ಲಿ ಇವತ್ತು ಪಲ್ಯ ಆಗುವುದು ಖಚಿತ. ಅಕ್ಕಾರ ಪಟ್ಟಿ ಅಂಥದ್ದು: ಕೈಯಲ್ಲೊಂದು, ಚೀಲದಲ್ಲಿ ಉಳಿದದ್ದು. ಬಾಗಿಲಲ್ಲಿ ಒಮ್ಮೆ ನೋಡಬೇಕು. ಕೈಯಲ್ಲಿ ಒಂದೂ ಇಲ್ಲದವರನ್ನು ಅಲ್ಲಿಂದಲೇ ಬೇರೆ ದಾರಿಗೆ ಕಳಿಸಬೇಕು. ಆ ದಾರಿಯ ತುದಿಯಲ್ಲಿ ‘ವರದಿ ಇಲ್ಲ, ಗೇಟು ಹಾಕಿರಿ’ ಎಂದು ಅಚ್ಚಾಗುತ್ತದೆ. ಬಾಗಿಲ ಒಳಗೆ ಬಂದವರನ್ನು ಮತ್ತೆ ಕೇಳಬೇಕಾಗಿಲ್ಲ. ಅವರಲ್ಲಿ ಅತಿ ಹೆಚ್ಚಿನದು ಹುಡುಕಲು ಸೊನ್ನೆಯಿಂದ ಹೊರಡಬೇಕಾಗಿಯೂ ಇಲ್ಲ. ಕೈಯಲ್ಲಿ ಇರುವುದರಿಂದಲೇ ಹೊರಟರಾಯಿತು.

ನಮ್ಮ ಲಿಸ್ಪ್‌ಗೆ ಈ ಭೇದ ಗೊತ್ತಿರಲಿಲ್ಲ; ಅದಕ್ಕೆ ಎಲ್ಲವೂ ಬರೀ ಪಟ್ಟಿ. ಆದ್ದರಿಂದ ಅಕ್ಕಾರು ಬಾಗಿಲೊಳಗಿನ ಪ್ರತಿ ಪ್ರೋಗ್ರಾಮಿನ ಹೆಸರಿನ ಕೊನೆಗೆ ಒಂದು ನಕ್ಷತ್ರ ಇಟ್ಟರು. ನಕ್ಷತ್ರ ಇದ್ದರೆ, ಇದಕ್ಕೆ ಖಾಲಿ ಪಟ್ಟಿ ಕೊಡುವುದಿಲ್ಲ ಎಂದು ಮಾತು ಕೊಟ್ಟ ಹಾಗೆ. ಯಂತ್ರ ಅದನ್ನು ಕಾಯುತ್ತಿರಲಿಲ್ಲ. ನಾವೇ ಕಾಯಬೇಕು. ಎರಡು ಮಳೆಗಾಲ ಕಾದೆವು. ಆ ಎರಡು ಮಳೆಗಾಲಗಳ ಬಗ್ಗೆ ಬರೆಯಲು ಏನೂ ಇಲ್ಲ, ಅದೇ ಅವುಗಳ ಹೆಚ್ಚುಗಾರಿಕೆ.

ಗೇಟಿನ ಮನುಷ್ಯನ ವಿಷಯ ಹೇಳಬೇಕು. ಅವನ ಹೆಸರು ಪರಶುರಾಮ ಗಾವಡೆ. ಹಂಚಿನ ಭಟ್ಟಿಗಳಿಗೆ ಹೆಸರಾದ ಖಾನಾಪುರದವನೇ. ಮನೆಯಲ್ಲಿ ಮರಾಠಿ, ಗೇಟಿನಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಹಲವು ವರ್ಷಗಳಿಂದ ಹಂಗಾಮಿ ಕೆಲಸ. ಪ್ರತಿ ಮಳೆಗಾಲಕ್ಕೆ ಹೊಸ ಆದೇಶ ಬರಬೇಕು. ಕಾಯಂ ಆಗಬೇಕಾದವರ ಪಟ್ಟಿಯಲ್ಲಿ ಕೊನೆಗೂ ಅವನ ಹೆಸರು ಸೇರಿತ್ತು. ನಾನು ಹೋದಾಗಲೆಲ್ಲ ಅದೊಂದೇ ಮಾತು.

“ಸಾಹೇಬ, ಕಾಯಂ ಆತಂದ್ರ ಮೊದಲ ಮನಿ ಮ್ಯಾಲಿನ ಹುಲ್ಲ ತಗದ ಹಂಚ ಹಾಕತೀನಿ. ಹಂಚಿನ ಊರಾಗ ಇದ್ದು ಹುಲ್ಲಿನ ಮನ್ಯಾಗ ಮಲಗೂದಂದ್ರ ಖರೇನ ಮರ್ಯಾದಿ ಅಲ್ಲ.”

ಮೂರನೆಯ ಮಳೆಗಾಲದ ಮೊದಲಲ್ಲಿ ಒಂದು ಚಿಕ್ಕ ಪ್ರಮಾದವಾಯಿತು. ಜಾಂಬೋಟಿಯ ಅಂಕಿಯನ್ನು ಟೈಪ್ ಮಾಡುವಾಗ ಕೊನೆಗೆ ಒಂದು ಸೊನ್ನೆ ಹೆಚ್ಚಾಯಿತು. ಯಂತ್ರ ಗೇಟು ಹಾಕಿಸಿತು. ಖಾನಾಪುರದಲ್ಲಿ ಚುರುಚುರು ಬಿಸಿಲು. ಒಂದು ಮದುವೆಯ ದಿಬ್ಬಣ ಗೇಟಿಗೆ ಬಂದು ನಿಂತಿತು. ವರನ ಸೋದರಮಾವ ರಾಜಕೀಯದವರು. ಪರಶುರಾಮ ಗೇಟು ತೆಗೆಯಲಿಲ್ಲ. ಫೋನು ಬಂದ ಹೊರತು ತೆಗೆಯುವ ಹಾಗಿಲ್ಲ ಎಂದ. ಸೋದರಮಾವ ಅವನ ಕೆನ್ನೆಗೆ ಹೊಡೆದರು. ಮುಹೂರ್ತ ತಪ್ಪಿತು. ಮೇಲಿನಿಂದ ನಮ್ಮ ಕಚೇರಿಗೆ ಕೇಳಿಬಂದ ಮಾತುಗಳನ್ನು ಸಾಹೇಬರು ನಿಂತುಕೊಂಡೇ ಫೋನಿನಲ್ಲಿ ಕೇಳಿದರು. ಇಟ್ಟ ಮೇಲೆ ಬೆವರು ಒರೆಸಿಕೊಂಡು, “ಸಾಣಿಗಿ ಹಾಕೂಣು,” ಎಂದರು.

ಸಾಣಿಗೆ ಎಂದರೆ ಹಿಟ್ಟು ಸೋಸುವ ಜರಡಿ. ಪಟ್ಟಿಯನ್ನೂ ಸೋಸಬಹುದು: ನಂಬಲಾಗದಷ್ಟು ದೊಡ್ಡ ಅಂಕಿ ಬಂದರೆ ಅದು ಟೈಪ್ ಮಾಡಿದವನ ತಪ್ಪೆಂದು ತೆಗೆದುಹಾಕಿ, ಉಳಿದವನ್ನು ಮಾತ್ರ ಮುಂದೆ ಬಿಡುವುದು. ಯೋಚನೆ ಕೆಟ್ಟದ್ದಲ್ಲ. ಸುಮತಿ ಅಕ್ಕಾರು ಆಗ ಹೆರಿಗೆ ರಜೆಗೆ ಹೊರಡುವವರಿದ್ದರು. ಹೋಗುವ ಮುನ್ನ ಹೇಳಿದರು:

“ಸರ, ಸಾಣಿಗಿ ಹಾಕ್ರಿ. ಆದ್ರ ಬಾಗಲದ ಹೊರಗ ಹಾಕ್ರಿ. ಒಳಗ ಹಾಕಿದ್ರ ಒಳಗ ಬಂದಮ್ಯಾಲ ಖಾಲಿ ಆಗಬಹುದು. ಒಂದೊಂದಕ್ಕೂ ಎರಡರಿಂದ ಗುಣಿಸ್ರಿ, ಇಂಚಿಂದ ಮಿಲಿಮೀಟರ್ ಮಾಡ್ರಿ, ಏನರ ಮಾಡ್ರಿ, ಇದ್ದಷ್ಟು ಇರ್ತಾವ. ಸೋಸಿದ್ರ ಹಂಗಲ್ಲ. ಸೋಸಿದ ಪಟ್ಟಿ ಮತ್ತ ಬಾಗಲಕ್ಕ ಬರಬೇಕು.”

“ಆತು ಆತು, ನೀವು ಆರಾಮ ಹೋಗಿ ಬರ್ರಿ,” ಎಂದರು ಸಾಹೇಬರು.

ಆದರೆ ಬಾಗಿಲಿನ ಪ್ರೋಗ್ರಾಮು ಅಕ್ಕಾರದ್ದು. ಅದನ್ನು ಬಿಚ್ಚಿದರೆ ಮತ್ತೆ ಜೋಡಿಸಲು ಅಕ್ಕಾರನ್ನೇ ಕೇಳಬೇಕು. ಎಲೆಕ್ಟ್ರಿಷಿಯನ್ ಉಳಿಸಿದ ಸ್ಕ್ರೂ ಸಾಹೇಬರಿಗೆ ನೆನಪಿದ್ದಿರಬೇಕು. ಒಳಗಿನ ಒಂದು ಸಾಲು ಮಾತ್ರ ಅವರದ್ದು, ಮಡಿಕೆಯ ಸಾಲು. ಸಾಣಿಗೆಯನ್ನು ಅದಕ್ಕೇ ಸೇರಿಸಿದರು. ಎಷ್ಟಕ್ಕಿಂತ ಮೇಲಿನದನ್ನು ಎಸೆಯಬೇಕು? ದಿನಕ್ಕೆ ಇನ್ನೂರು ಮಿಲಿಮೀಟರು ಎಂದು ತಾವೇ ನಿಶ್ಚಯಿಸಿದರು. ವಿಜಾಪುರ ಕಡೆ ಅಷ್ಟು ಮಳೆ ಒಂದು ದಿನ ಬಿದ್ದರೆ ಜನ ಅದನ್ನು ಮೊಮ್ಮಕ್ಕಳಿಗೆ ಹೇಳುತ್ತಾರೆ. ಕಣಕುಂಬಿಯಲ್ಲಿ ಬಿದ್ದರೆ ಕಂಬಳಿಯ ಗೊಪ್ಪೆ ಹಾಕಿಕೊಂಡು ಎಮ್ಮೆ ಮೇಯಿಸಲು ಹೋಗುತ್ತಾರೆ. ನಾನು ಅಷ್ಟು ಹೇಳಿಯೂ ಹೇಳಿದೆ. ಸಾಹೇಬರು, “ಮಗದುಮ್, ನೀವು ಕಣಕುಂಬಿಯವ್ರ ಮಾತ ಕೇಳಬ್ಯಾಡ್ರಿ, ಅವ್ರು ಮಾಪಕ ಹೊಳಿಯಾಗ ಅದ್ದತಾರ,” ಎಂದು ನಕ್ಕರು.

ಆಮೇಲೆ ಪರೀಕ್ಷೆ ಮಾಡಿದರು. ಅದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಇನ್ನೂರಕ್ಕಿಂತ ದೊಡ್ಡದಾದ ಒಂದೇ ಅಂಕಿ ಕೊಟ್ಟರು. ಸಾಣಿಗೆ ಅದನ್ನು ಎಸೆಯಿತು. ಖಾಲಿ ಉಳಿಯಿತು. ಅತಿ ಹೆಚ್ಚಿನದು ಎಲ್ಲಿಂದ ತರಲಿ ಎಂದು ತಿಳಿಯದೆ ಯಂತ್ರ ನಿಂತಿತು. ನಿಂತ ಯಂತ್ರ ಏನು ಹೇಳುತ್ತಿದೆ ಎಂದು ಓದಲು ಅದೊಂದು ಅವಕಾಶ. ಸಾಹೇಬರಿಗೆ ಕಂಡದ್ದು ಯಂತ್ರ ನಿಂತದ್ದು ಮಾತ್ರ. ನಿಂತ ಯಂತ್ರವೆಂದರೆ ಮೇಲಿನಿಂದ ಇನ್ನೊಂದು ಫೋನು. ಮಡಿಕೆಯ ಆರಂಭಕ್ಕೆ ಒಂದು ಸೊನ್ನೆ ಇಟ್ಟರು. ಏನೂ ಇಲ್ಲದಿದ್ದರೆ ಆ ಸೊನ್ನೆಯೇ ಉತ್ತರ. ಮತ್ತೆ ಓಡಿಸಿದರು. ಯಂತ್ರ ನಿಲ್ಲಲಿಲ್ಲ.

“ನೋಡ್ರಿ, ಎಷ್ಟ ಚಂದ ಆತು,” ಎಂದರು. ನೋಡಲು ಚಂದವಾಗಿಯೇ ಇತ್ತು. ಒಂದೇ ಸಾಲು. ಹೆಸರಿನ ಕೊನೆಯ ನಕ್ಷತ್ರವನ್ನೂ ಹಾಗೇ ಬಿಟ್ಟಿದ್ದರು.

ಜುಲೈ ತಿಂಗಳು. ಹಿಂದಿನ ಸಂಜೆ ಮೇಲಿನ ಊರುಗಳಲ್ಲಿ ಗಾಳಿ ಎದ್ದು ಟೆಲಿಫೋನು ಕಂಬಗಳು ಬಿದ್ದಿದ್ದವು. ಅದು ನಮಗೆ ಆಮೇಲೆ ತಿಳಿಯಿತು. ಬೆಳಿಗ್ಗೆ ನಾನು ಖಾನಾಪುರದಲ್ಲಿದ್ದೆ. ನೀರಿನ ಎತ್ತರ ತೋರಿಸುವ ಕಲ್ಲುಕಂಬದ ಮೇಲಿನ ಅಂಕಿಗಳು ಮಾಸಿಹೋಗಿದ್ದವು, ಬಣ್ಣ ಬಳಿಸಲು ಒಬ್ಬನನ್ನು ಕರೆದೊಯ್ದಿದ್ದೆ. ಖಾನಾಪುರದಲ್ಲಿ ಹನಿ ಹನಿ ಅಷ್ಟೇ. ನೀರು ಸೇತುವೆಯ ಕೆಳಗೆ ಒಂದು ಮೊಳ ತಗ್ಗಿನಲ್ಲಿತ್ತು. ಗೇಟು ಹಿಂದಿನ ದಿನದಿಂದ ಹಾಕಿಯೇ ಇತ್ತು. ಗೇಟಿನ ಮುಂದೆ ಹಂಚಿನ ಭಟ್ಟಿಯ ಟೆಂಪೊ, ತುಂಬ ಹಂಚು ಹೇರಿಕೊಂಡು ನಿಂತಿತ್ತು. ಡ್ರೈವರ್ ಭರಮಾ ಬಾನೆಟ್ಟಿನ ಮೇಲೆ ಕೂತಿದ್ದ. ಹಂಚು ಇಳಿಸಲು ಜೊತೆಗೆ ಹೊರಟಿದ್ದ ಲಕ್ಷ್ಮೀಬಾಯಿ ಒಳಗೆ ಕೂತು ಎಲೆ ಹಾಕಿಕೊಳ್ಳುತ್ತಿದ್ದಳು.

“ಏ ಪರಶ್ಯಾ,” ಎಂದ ಭರಮಾ. “ನಿನ್ನ ಗೇಟ ಅಂದ್ರ ಅತ್ತಿ ಮನಿ ಬಾಗಲಾ ಆಗೇತಿ ನೋಡಪಾ. ತಗೀಬೇಕಂದ್ರ ಬೆಳಗಾವ್ಯಾಗಿಂದ ಹಿರ್ಯಾರು ಹೇಳಬೇಕು.”

“ಕುಂದ್ರಲೇ ಸುಮ್ಮ. ಹೋದ ಸಲ ನನ್ನ ಗಲ್ಲಕ್ಕ ಬಿದ್ದಿತ್ತು, ನಿನ್ನ ಗಲ್ಲಕ್ಕಲ್ಲ.”

“ಹೊಡದವ್ರು ದೊಡ್ಡ ಮಂದಿ. ಕಾಯಂ ಆದ ಮ್ಯಾಲ ಆ ಗಲ್ಲಕ್ಕ ಒಂದು ಫೋಟೋ ತಗಸು.” ಲಕ್ಷ್ಮೀಬಾಯಿ ಒಳಗಿನಿಂದ ನಕ್ಕಳು.

ಫೋನು ಬಂತು. ಪರಶುರಾಮ ಕಿವಿಗೆ ಒತ್ತಿಕೊಂಡು ಕೇಳಿದ. “ಎಷ್ಟ್ರಿ? ಸೊನ್ನಿ? ಮತ್ತೊಮ್ಮೆ ಹೇಳ್ರಿ. ಸೊನ್ನಿ. ಆತ್ರಿ, ತಗೀತೀನ್ರಿ.” ನನ್ನ ಕಡೆ ತಿರುಗಿ, “ಮ್ಯಾಲ ಮಳೀನ ಇಲ್ಲಂತ್ರಿ ಸಾಹೇಬ,” ಎಂದು ಗೇಟು ಎತ್ತಿದ. ಇಬ್ಬರು ಸೈಕಲ್ಲಿನವರು ದಾಟಿಹೋದರು. ಹಿಂದೆ ಟೆಂಪೊ ಹೊರಟಿತು.

ಸೇತುವೆಯ ನಡುವೆ ಒಂದು ಕಡೆ ಚಪ್ಪಡಿ ಕಿತ್ತುಹೋಗಿತ್ತು. ಹಿಂದಿನ ಚಕ್ರ ಅದರಲ್ಲಿ ಕೂತಿತು. ಭರಮಾ ಇಳಿದು ನೋಡಿದ, ಲಕ್ಷ್ಮೀಬಾಯಿಯೂ ಇಳಿದಳು. ಭಾರ ಕಡಿಮೆ ಮಾಡೋಣವೆಂದು ಇಬ್ಬರೂ ಹಂಚು ಇಳಿಸಿ ಸೇತುವೆಯ ಮೇಲೆ ಸಾಲಾಗಿ ಜೋಡಿಸತೊಡಗಿದರು. ಒಡೆದರೆ ಭಟ್ಟಿಯವರು ಸಂಬಳದಲ್ಲಿ ಹಿಡಿಯುತ್ತಿದ್ದರು. ಆದ್ದರಿಂದ ಮೆಲ್ಲಗೆ, ಒಂದರ ಮೇಲೊಂದು. ನಾನು ಬಣ್ಣದವನ ಕಡೆ ತಿರುಗಿದ್ದೆ. ಅವನು, “ಸರ, ಬಣ್ಣ ಒಣಗೂಕಿಂತ ಮೊದಲ ನೀರ ಹತ್ತಿತು,” ಎಂದ. ಕೆಳಗಿನ ಅಂಕಿ ಕಾಣಿಸುತ್ತಿರಲಿಲ್ಲ. ನೀರಿನ ಬಣ್ಣ ಬದಲಾಗಿತ್ತು, ಕೆಂಪು ಮಣ್ಣು, ಮೇಲೆ ತೇಲಿಬರುತ್ತಿದ್ದ ಹಸಿರು ಬಿದಿರು.

ಪರಶುರಾಮ ಕೂಗಿದ. “ಭರಮಾ, ಬಿಟ್ಟ ಬಾ. ಗಾಡಿ ಬಿಡ. ಬಾ.”

“ಇನ್ನ ಎರಡ ಸಾಲ ಅದಾವ,” ಎಂದು ಆ ಕಡೆಯಿಂದ ಉತ್ತರ ಬಂತು.

ಅವರು ಹೊಳೆಗೆ ಬೆನ್ನು ಮಾಡಿದ್ದರು. ನೀರು ಸೇತುವೆಯ ಮೇಲೆ ಮೊದಲು ತೆಳ್ಳಗೆ ಹರಿಯಿತು, ಹಂಚುಗಳ ಸಾಲನ್ನು ಬಳಸಿಕೊಂಡು. ಆಗ ಅವರಿಗೆ ತಿಳಿಯಿತು. ಲಕ್ಷ್ಮೀಬಾಯಿ ಸೀರೆ ಎತ್ತಿಕೊಂಡು ನಮ್ಮ ಕಡೆ ಓಡಿದಳು, ಕಾಲು ಜಾರಿತು. ಭರಮಾ ಅವಳನ್ನು ಹಿಡಿಯಲು ತಿರುಗಿದ. ಪರಶುರಾಮ ಗೇಟಿನ ಹಗ್ಗ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಎದೆಮಟ್ಟದ ನೀರಿಗೆ ಇಳಿದ. ಇನ್ನೊಂದು ತುದಿಯನ್ನು ನಾನೂ ಬಣ್ಣದವನೂ ಹಿಡಿದಿದ್ದೆವು. ನಾವು ಅವನನ್ನು ಎಳೆದು ಹೊರಗೆ ಹಾಕುವಾಗ ಸೇತುವೆಯ ಮೇಲೆ ಟೆಂಪೊ ಇರಲಿಲ್ಲ, ಮನುಷ್ಯರೂ ಇರಲಿಲ್ಲ. ಹೆಣಗಳು ಕೆಳಗಿನ ಊರಿನ ಜಾಲಿ ಗಿಡಗಳಲ್ಲಿ ಸಿಕ್ಕವು.

ಬೆಳಗಾವಿಗೆ ಬಂದು ನೋಡಿದೆ. ಆವತ್ತು ಬಂದದ್ದು ಒಂದೇ ವರದಿ. ಉಳಿದ ಊರುಗಳ ತಂತಿ ಹರಿದಿತ್ತು. ಕಣಕುಂಬಿಯವನು ಮಾತ್ರ ಪೊಲೀಸರ ವಯರ್ಲೆಸ್ ಹಿಡಿದು ಅಂಕಿ ಮುಟ್ಟಿಸಿದ್ದ: ಮುನ್ನೂರು ದಾಟಿತ್ತು. ನಮ್ಮವರು ಅದನ್ನು ಸರಿಯಾಗಿ ಟೈಪ್ ಮಾಡಿದ್ದರು. ಪಟ್ಟಿಯಲ್ಲಿ ಒಂದಿದ್ದುದರಿಂದ ಬಾಗಿಲು ಅದನ್ನು ಒಳಗೆ ಬಿಟ್ಟಿತ್ತು. ಒಳಗಿದ್ದ ಸಾಣಿಗೆ ಅದನ್ನು ನಂಬಲಿಲ್ಲ. ಉಳಿದ ಖಾಲಿಗೆ ಸೊನ್ನೆ ಕೂತಿತು. ಯಾರೂ ತಮ್ಮ ಕೆಲಸದಲ್ಲಿ ತಪ್ಪು ಮಾಡಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಭಾಗವನ್ನು ಚೊಕ್ಕಟವಾಗಿ ಮುಗಿಸಿದ್ದರು.

ಪರಶುರಾಮ ಒಂದು ವಾರದ ಮೇಲೆ ನಮ್ಮ ಕಚೇರಿಗೆ ಬಂದ. ಕುರ್ಚಿ ತೋರಿಸಿದರೆ ಕೂರಲಿಲ್ಲ.

“ಸಾಹೇಬ, ಊರಾಗ ಭರಮಾನ ಅಣ್ಣ ತಮ್ಮರು ನಾ ರೊಕ್ಕಾ ತಿಂದ ಗೇಟ ತಗದೆ ಅಂತಾರ. ನೀವ ಬಾಜೂಕ ಇದ್ರಿ. ಫೋನಿನ್ಯಾಗ ಸೊನ್ನಿ ಅಂದದ್ದು ನೀವೂ ಕೇಳೀರಿ. ಅಷ್ಟ ಬರದ ಕೊಡ್ರಿ. ನೌಕರಿ ಹೋದ್ರ ಹೋಗ್ಲಿ ಅನ್ನಾಂಗಿಲ್ಲ ನಾ. ನೌಕರಿನೂ ಬೇಕು.”

ಬರೆದುಕೊಟ್ಟೆ. ಆ ಅಂಕಿ ಎಲ್ಲಿಂದ ಹುಟ್ಟಿತೆಂಬುದನ್ನೂ ಬರೆದೆ. ಸಾಹೇಬರು ಅದನ್ನು ಓದಿ ಮುಂದಕ್ಕೆ ಕಳಿಸಿದರು, ತಡೆಯಬಹುದಾಗಿತ್ತು, ತಡೆಯಲಿಲ್ಲ. ಅಷ್ಟು ಅವರ ಲೆಕ್ಕಕ್ಕೆ ಸೇರಬೇಕು.

ವಿಚಾರಣೆ ನಡೆದದ್ದು ಖಾನಾಪುರದ ಪ್ರವಾಸಿ ಮಂದಿರದಲ್ಲಿ. ವಿಚಾರಣಾಧಿಕಾರಿ ಬೆಂಗಳೂರಿನವರು, ಸಭ್ಯರು, ಎಲ್ಲರಿಗೂ ಚಹಾ ತರಿಸಿದರು. ಮೊದಲು ಹಿರೇಮಠ ಸಾಹೇಬರನ್ನು ಕೇಳಿದರು.

“ಕಣಕುಂಬಿಯ ವರದಿ ಬಂದಿತ್ತೇ?”

“ಬಂದಿತ್ತು ಸರ್. ಮಿತಿಗಿಂತ ಹೆಚ್ಚಿದ್ದರಿಂದ ಸಂಶಯಾಸ್ಪದ ಎಂದು ಬಿಡಲಾಯಿತು.”

“ಬಿಟ್ಟ ಮೇಲೆ ಏನು ಉಳಿಯಿತು?”

“ಏನೂ ಉಳಿಯಲಿಲ್ಲ.”

“ಏನೂ ಇಲ್ಲದ್ದರಲ್ಲಿ ಅತಿ ಹೆಚ್ಚಿನದು ಎಷ್ಟು?”

“ಸೊನ್ನೆ, ಸರ್.”

“ಸರಿಯಾಗಿದೆ,” ಎಂದು ಅವರು ಬರೆದುಕೊಂಡರು. ವ್ಯಂಗ್ಯವಿರಲಿಲ್ಲ, ಅವರಿಗೆ ನಿಜವಾಗಿಯೂ ಸರಿ ಕಂಡಿತು.

ಸುಮತಿ ಅಕ್ಕಾರು ಕೂಸನ್ನು ಕರೆದುಕೊಂಡೇ ಸಾಕ್ಷಿಗೆ ಬಂದಿದ್ದರು. ಕೂಸನ್ನು ನನ್ನ ಕೈಗೆ ಕೊಟ್ಟು ಎದ್ದು ನಿಂತರು. ಖಾಲಿಯಲ್ಲಿ ಅತಿ ಹೆಚ್ಚಿನದು ಎಂಬುದೇ ಇಲ್ಲ, ಆ ಪ್ರಶ್ನೆಯನ್ನೇ ಯಂತ್ರಕ್ಕೆ ಕೇಳಬಾರದಿತ್ತು, ಕೇಳದಿರಲಿ ಎಂದೇ ಬಾಗಿಲು ಇಟ್ಟಿದ್ದು, ಒಳಗೆ ಸೋಸಬಾರದೆಂದು ನಕ್ಷತ್ರ ಇಟ್ಟಿದ್ದು ಎಂದು ಹೇಳಿದರು.

“ನಕ್ಷತ್ರ ಎಂದರೆ?”

“ಇದಕ್ಕ ಖಾಲಿ ಪಟ್ಟಿ ಕೊಡೂದಿಲ್ಲಂತ ಮಾತ ಕೊಟ್ಟಂಗ್ರಿ.”

“ಯಾರು ಯಾರಿಗೆ ಕೊಟ್ಟ ಮಾತು?”

“ನಾವ್ನಾವ ಒಬ್ಬರಿಗೊಬ್ಬರು ಕೊಟ್ಟದ್ದು.”

“ಕಚೇರಿಯ ನಿಯಮಾವಳಿಯಲ್ಲಿ ಈ ನಕ್ಷತ್ರದ ಉಲ್ಲೇಖ ಇದೆಯೇ?”

“ಇಲ್ರಿ.”

ಅದನ್ನೂ ಬರೆದುಕೊಂಡರು. ಕೊನೆಗೆ ಪರಶುರಾಮನ ಸರದಿ. ಅವನು ಫೋನಿನ ವಿಷಯ ಹೇಳಿದ. ಅಧಿಕಾರಿಗಳು ಗೇಟಿನ ನಿಯಮ ತೆಗೆದು ಓದಿದರು: ಗೇಟಿನವನು ಕಚೇರಿಯ ಸಂದೇಶದಂತೆ ನಡೆಯತಕ್ಕದ್ದು, ಹಾಗೂ ಹೊಳೆಯ ಮೇಲೆ ಸದಾ ನಿಗಾ ಇಡತಕ್ಕದ್ದು.

“ಇಟ್ಟಿದ್ದೆಯಾ?”

“ಇಟ್ಟಿದ್ನ್ರಿ. ನೀರ ಕೆಳಗ ಇತ್ರಿ.”

“ಆಮೇಲೆ ಮೇಲೆ ಬಂತಲ್ಲ.”

“ಬಂತ್ರಿ.”

“ನೋಡಿದೆಯಾ?”

“ನೋಡಿದ್ನ್ರಿ. ಕೂಗಿದ್ನ್ರಿ.”

“ತಡವಾಗಿ ನೋಡಿದೆ.” ಪರಶುರಾಮ ನನ್ನ ಕಡೆ ನೋಡಿದ. ನಾನು ಎದ್ದು, ನನ್ನ ಹೇಳಿಕೆಯಲ್ಲಿ ಎಲ್ಲ ಇದೆ, ನೀರು ಏರಿದ್ದು ನಮ್ಮಲ್ಲಿ ಯಾರಿಗೂ ಮೊದಲು ಕಾಣಲಿಲ್ಲ ಎಂದೆ. “ಇದೆ, ಓದಿದ್ದೇನೆ, ಕೂತುಕೊಳ್ಳಿ,” ಎಂದರು. ಮಗು ಅಳತೊಡಗಿತು, ಹೊರಗೆ ಕರೆದೊಯ್ದೆ.

ಪಡಸಾಲೆಯಲ್ಲಿ ಹಿರೇಮಠ ಸಾಹೇಬರು ಒಬ್ಬರೇ ನಿಂತಿದ್ದರು. ಮಳೆ ಬರುತ್ತಿತ್ತು. ಅದನ್ನೇ ನೋಡುತ್ತ ಹೇಳಿದರು: “ಮಗದುಮ್, ನಮ್ಮ ಕಡೆ ಇನ್ನೂರಂದ್ರ ಅರ್ಧ ವರ್ಷದ ಮಳಿ ರೀ. ನಾ ಸುಳ್ಳಂತನ ತಿಳದಿದ್ದೆ.” ಅದನ್ನು ಒಳಗೆ ಹೇಳಿರಿ ಸರ ಎಂದೆ. ಮಗುವಿನ ಟೊಪ್ಪಿಗೆ ಸರಿಮಾಡಿ, “ಒಳಗ ಅವ್ರು ಅದನ್ನ ಕೇಳೂದಿಲ್ಲ,” ಎಂದರು. ಖರೆ, ಕೇಳಲಿಲ್ಲ. ಅವರೂ ಹೇಳಲಿಲ್ಲ.

ಹುಡುಗರಿಗೆ ನಾನು ಹೇಳಬೇಕಾದದ್ದು ಇಲ್ಲಿಗೆ ಮುಗಿಯಿತು. ಈಗಿನ ಯಂತ್ರಗಳು ನಕ್ಷತ್ರವನ್ನು ತಾವೇ ಕಾಯುತ್ತವೆ, ಸೋಸಿದ ಪಟ್ಟಿಯನ್ನು ಬಾಗಿಲಿಗೆ ತಾವೇ ಹಿಂದಕ್ಕೆ ಕಳಿಸುತ್ತವೆ ಎಂದು ನೀವು ಹೇಳುತ್ತೀರಿ. ಕಳಿಸಲಿ. ಅವು ನಿಂತು ನಿಮ್ಮನ್ನು ಬೈದಾಗ ಏನು ಬೈಯುತ್ತಿವೆ ಎಂದು ಓದಿ. ಬಾಯಿ ಮುಚ್ಚಿಸಲು ಸೊನ್ನೆ ತುರುಕುವ ಮೊದಲು, ಆ ಸೊನ್ನೆಯನ್ನು ಇನ್ನೊಂದು ತುದಿಯಲ್ಲಿ ಫೋನು ಹಿಡಿದು ಕೇಳುವವನು ಯಾರೆಂದು ವಿಚಾರಿಸಿಕೊಳ್ಳಿ.

ವಿಚಾರಣೆಯ ವರದಿ ಮಳೆಗಾಲ ಮುಗಿದ ಮೇಲೆ ಬಂತು. ಸಾಣಿಗೆಯ ಮಿತಿಯನ್ನು ಇನ್ನೂರರಿಂದ ನಾನೂರಕ್ಕೆ ಏರಿಸಲು ಸೂಚಿಸಿತ್ತು; ಏರಿಸಲಾಯಿತು. ಸಾಣಿಗೆಯನ್ನು ಬಾಗಿಲ ಹೊರಗೆ ಇಡಲು, ಸೊನ್ನೆಯನ್ನು ತೆಗೆಯಲು ಸುಮತಿ ಅಕ್ಕಾರು ಕೊಟ್ಟ ಟಿಪ್ಪಣಿಗೆ ಉತ್ತರ ಬರಲಿಲ್ಲ. ಪರಶುರಾಮ ಗಾವಡೆಯ ಹೆಸರನ್ನು ಕಾಯಂ ಪಟ್ಟಿಯಿಂದ ತೆಗೆದರು. ಮುಂದಿನ ಜೂನ್‌ನಲ್ಲಿ ಅವನ ಹಂಗಾಮಿ ಆದೇಶವನ್ನೂ ಹೊರಡಿಸಲಿಲ್ಲ, ಗೇಟಿಗೆ ಬೇರೆಯವನನ್ನು ಹಾಕಿದರು.